ಸಮಸ್ಯೆ: “ಎಂಟು ಬಿಟ್ಟವನಿಗೇ ಸಿಕ್ಕಿತೈ ಮಣಿಹಾರ”

ಮಾತ್ರಾಗಣ: ಈ ವಾರ ನಾನು ಕೊಡುವ ಕೊನೆಯ ಸಾಲು ಮೇಲಿದೆ. ಮೊದಲ ಮೂರು ಸಾಲು ನೀವು ಬರೆದು ಅದಕ್ಕೆ ಅರ್ಥ ಕೂಡಿಸಬೇಕು, ಅದೇ ಪೂರಣ. ಸಾಲಿಗೆ ಐದೈದು ಮಾತ್ರೆಯ (ಲಘುವಿಗೆ ಒಂದು, ಗುರುವಿಗೆ ಎರಡು) ನಾಲ್ಕು ಗಣ, ಅಂದರೆ ಗುಂಪು. ಆದಿಪ್ರಾಸ ಬಿಡುವಂತಿಲ್ಲ: ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಇದೇ ಟಕಾರ ಬರಬೇಕು. ಸುಳಿವು ಒಂದೇ: 12345679. ಈ ಅಂಕಿಗಳ ಸಾಲಿನಲ್ಲಿ 8 ಇಲ್ಲ, ನೋಡಿ.

ಲೆಕ್ಕದ ಮೇಷ್ಟ್ರು: ಓಹೋ, ಮಹಾವೀರಾಚಾರ್ಯರ ಹಾರ! ನೃಪತುಂಗನ ಕಾಲದವರು, 9ನೇ ಶತಮಾನ. ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆಯನ್ನು 9ರಿಂದ ಗುಣಿಸಲು ಹೇಳುತ್ತಾರೆ. ಬರುವುದು 111111111. ಹಿಂದಿನಿಂದ ಓದಿದರೂ ಅದೇ, ಹಾಗಾಗಿ ಅದು ಕೊರಳ ಹಾರ. ತಗೊಳ್ಳಿ:

ಗಂಟಿಕ್ಕಿ ಒಂದರಿಂದೊಂಬತ್ತರಂಕಗಳ
ನಂಟ ಕೂಡಿಸಲೊಬ್ಬ ಎಂಟನ್ನೆ ಬಿಸುಟಿರಲು
ಒಂಟಿಯೊಂಬತ್ತು ಬಂದೊಮ್ಮೆ ಗುಣಿಸಿತು ನೋಡ
ಎಂಟು ಬಿಟ್ಟವನಿಗೇ ಸಿಕ್ಕಿತೈ ಮಣಿಹಾರ

ಹಸಿಮೆಣಸು: ಚೆನ್ನಾಗಿದೆ ಮೇಷ್ಟ್ರೇ, ಆದ್ರೆ ಪಾಪ ಆ ಎಂಟರ ಗತಿ? ನಾನು ಅದರ ಪರ. 9ರ ಬದಲು 72ರಿಂದ ಗುಣಿಸಿದೆ: 888888888! ‘ಎಪ್ಪತ್ತೆರಡ’ನ್ನು ಗಣದೊಳಗೆ ಕೂರಿಸೋಕೆ ಬೆವರು ಕಿತ್ತು ಬಂತು.

ತುಂಟನಿವ ತೊರೆದನೆನ್ನನು ಎಂದಿತಂತೆಂಟು
ಗಂಟುಮುಖ ಬಿಡೆಲೊ, ಎಪ್ಪತ್ತೆರಡ ತರುವೆನೆನೆ
ಎಂಟುಗಳೆ ಒಂಬತ್ತು ಮಣಿಯಾಗಿ ನಿಂತಿರಲು
ಎಂಟು ಬಿಟ್ಟವನಿಗೇ ಸಿಕ್ಕಿತೈ ಮಣಿಹಾರ

ಮಾತ್ರಾಗಣ: ಭೇಷ್! ‘ಗಂಟುಮುಖ’ಕ್ಕೆ ನನ್ನ ವೋಟು.

ಸುಮ್ನೆ ಓದುಗ: ಪದ್ಯ ಬರಲ್ಲ, ಕ್ಯಾಲ್ಕುಲೇಟರ್ ಇದೆ. 2ರಿಂದ ಗುಣಿಸಿದರೆ 24691358. ಇದರಲ್ಲಿ 7 ಮಾಯ. 4ರಿಂದ 49382716, ಇಲ್ಲಿ 5 ಮಾಯ. 5ರಿಂದ ಗುಣಿಸಿದರೆ 4 ಮಾಯ. ಗುಣಿಸಿದ್ದೂ ಕಾಣೆಯಾದದ್ದೂ ಕೂಡಿದರೆ 9! ಅದೇ ಹುಮ್ಮಸ್ಸಿನಲ್ಲಿ 3ರಿಂದ ಗುಣಿಸಿ ಕೆಟ್ಟೆ: 37037037.

ಲೆಕ್ಕದ ಮೇಷ್ಟ್ರು: ಕೆಟ್ಟಿಲ್ಲ ಮಾರಾಯರೇ, ಗುಟ್ಟು ಸಿಕ್ಕಿದೆ. 12345679 ಅಂದರೆ 37 × 333667. 333667ನ್ನು 3ರಿಂದ ಗುಣಿಸಿದರೆ 1001001. ಅದನ್ನು 37ರಿಂದ ಗುಣಿಸಿದರೆ 37 ಮೂರು ಸಲ ಬರದೆ ಇನ್ನೇನು?

ತಕರಾರು: ನನ್ನದೊಂದು ಆಕ್ಷೇಪ. ಎಂಟನ್ನು ಯಾರೂ ಬಿಟ್ಟಿಲ್ಲ. 1ನ್ನು 81ರಿಂದ ಭಾಗಿಸಿ: 0.012345679012345679... ಹೀಗೇ ಸುತ್ತುತ್ತದೆ. ಒಂದೊಂದು ಮನೆಗೆ 1, 2, 3 ಅಂತ ಕೂರಿಸುತ್ತಾ ಹೋಗಿ. 9 ಆದಮೇಲೆ 10 ಬಂತು, ಒಂದೇ ಮನೆಯಲ್ಲಿ ಹಿಡಿಯಲ್ಲ. ದಶಕ 1 ಎಡಕ್ಕೆ ಹೋಗಿ 9 ಕೂಡ 10 ಆಗುತ್ತದೆ. ಅದರ ದಶಕ ಇನ್ನೂ ಎಡಕ್ಕೆ ಹೋಗಿ 8ಕ್ಕೆ ಸೇರಿ 9. ನಮಗೆ ಕಾಣುವ 9 ಅದೇ ಹಳೇ ಎಂಟು ಕಣ್ರೀ. ಅದಕ್ಕೆ ಬಡ್ತಿ ಸಿಕ್ಕಿದೆ! ನಿಮ್ಮ ಸಮಸ್ಯೆಯೇ ಸುಳ್ಳು.

ಮಾತ್ರಾಗಣ: ಸಮಸ್ಯೆ ಸುಳ್ಳಿನ ಹಾಗೇ ಕಾಣಬೇಕು, ಅಲ್ವಾ? ಅದನ್ನು ನಿಜ ಮಾಡೋದು ಪೂರಣದ ಕೆಲಸ. ಬಡ್ತಿಯನ್ನೇ ಪದ್ಯಕ್ಕೆ ತನ್ನಿ.

ತಕರಾರು: ಒಂದು ಸಾಲು ಆಯ್ತು:

ಎಂಟಕ್ಕೆ ಬಡ್ತಿಯಾಯ್ತೊಂಬತ್ತು ತಾನಾಯ್ತು

ಗಂಟು, ನಂಟು, ತುಂಟ, ಒಂಟಿ ಎಲ್ಲ ನೀವೇ ಖಾಲಿ ಮಾಡಿದ್ದೀರಿ. ಉಳಿದಿರೋದು ‘ಶುಂಠಿ’. ಪ್ರಾಸಕ್ಕೆ ಠಕಾರ ನಡೆಯುತ್ತಾ?