ಸಹಾಯ ಬೇಕು: ಲೈನ್ ಮನೆ ಹೆಂಗಸರ ಹತ್ರ ಒಂಟಿಯಾಗಿ ಮಾತಾಡೋದು ಎಲ್ಲಿ?

ಎಲ್ರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರ ಸುತ್ತಮುತ್ತ ಕಾಫಿ ತೋಟದ ಲೈನ್ ಮನೆಗಳಲ್ಲಿ (ಕೆಲಸದವರಿಗೆ ಸಾಲಾಗಿ ಕಟ್ಟಿರೋ ಮನೆಗಳು) ಇರೋ ಹೆಂಗಸರ ಆರೋಗ್ಯದ ಮೇಲೆ ಗಂಡನ ಹೊಡೆತ ಬಡಿತದಿಂದ ಏನೇನಾಗ್ತಿದೆ ಅಂತ ರಿಸರ್ಚ್ ಮಾಡ್ತಿದೀನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಸುಮಾರು 44% ಜನ ಗಂಡನಿಂದ ಹಿಂಸೆ ಅನುಭವಿಸಿದೀವಿ ಅಂದಿದಾರೆ, ಆದ್ರೆ ಲೈನ್ ಮನೆಗಳ ಕಥೆ ಅದ್ರಲ್ಲಿ ಬೇರೆಯಾಗಿ ಕಾಣಲ್ಲ.

ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ನಿಯಮದ ಪ್ರಕಾರ ಇಂಥ ರಿಸರ್ಚಲ್ಲಿ ಒಂದು ಮನೇಲಿ ಒಬ್ಬ ಹೆಂಗಸನ್ನೇ ಕೇಳ್ಬೇಕು, ಅದೂ ಯಾರೂ ಇಲ್ದಾಗ. ಇಲ್ಲಿ ಒಂದೇ ರೂಮು, ಪಕ್ಕದ ಮನೆಗೆ ನಡುವೆ ಒಂದು ಗೋಡೆ, ಒಬ್ಬಾಕೆ ಮಾತು ಶುರು ಮಾಡಿದ್ಲು, ಹೊರಗೆ ಚಪ್ಪಲಿ ಸದ್ದಾಯ್ತು, ತಕ್ಷಣ ಬೆನ್ನುನೋವಿನ ಮಾತ್ರೆ ವಿಷಯ ಎತ್ತಿದ್ಲು. ಪಾಪ, ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಕೆಲಸದ ಹೊತ್ತಲ್ಲಿ ಹೋದ್ರೆ ಮೇಸ್ತ್ರಿ ನಿಂತಿರ್ತಾರೆ, ಅಂಗನವಾಡೀಲಿ ಕೂತ್ರೆ ಊರಿಗೆಲ್ಲಾ ಗೊತ್ತಾಗುತ್ತೆ, ಆಸ್ಪತ್ರೇಲಿ ಮಾತ್ರ ಕೇಳಿದ್ರೆ ಆಸ್ಪತ್ರೆಗೆ ಬರದೇ ಇರೋರು ಬಿಟ್ಟೇ ಹೋಗ್ತಾರೆ. ಮಾತಾಡಿದ ತಪ್ಪಿಗೆ ರಾತ್ರಿ ಯಾರೂ ಏಟು ತಿನ್ನಬಾರ್ದು, ನನಗೆ ಅದೇ ಮುಖ್ಯ.

ತೋಟಗಳಲ್ಲಿ ಕೆಲಸ ಮಾಡಿರೋ ಆಶಾ ಅಕ್ಕಂದಿರು, ನರ್ಸ್‌ಗಳು ದಯವಿಟ್ಟು ಹೇಳಿ: ಕುಯ್ಲಿನ ಸೀಸನ್ನಲ್ಲಿ ಯಾರಿಗೂ ಅನುಮಾನ ಬರದ ಹಾಗೆ ಅರ್ಧ ಗಂಟೆ ಅವರೊಬ್ರ ಹತ್ರಾನೇ ಮಾತಾಡೋಕೆ ಯಾವ ಜಾಗ, ಯಾವ ಹೊತ್ತು ಸರಿಹೋಗುತ್ತೆ?