ಅಪಾಯಿಂಟ್‌ಮೆಂಟ್‌ಗೆ ತಾನಾಗೇ ಬಣ್ಣ ಬರಬೇಕು, ಹೇಗೆ ಮಾಡೋದು?

ಪ್ರಶ್ನೆ (ಗಂಗಾವತಿಯಿಂದ):
ನಮಸ್ಕಾರ ಸರ್. ಇಲ್ಲಿನ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಕೆಲಸ ನನ್ನದು. ಮೊದಲು ಡೈರಿ ಇತ್ತು. ರೂಟ್ ಕೆನಾಲ್ ಇದ್ದರೆ ಕೆಂಪು ಪೆನ್ನು, ಕ್ಲೀನಿಂಗ್‌ಗೆ ಹಸಿರು, ಕ್ಲಿಪ್ ಬಿಗಿ ಮಾಡಿಸಲು ಬರುವ ಮಕ್ಕಳಿಗೆ ನೀಲಿ. ಡಾಕ್ಟರ್ ಬೆಳಿಗ್ಗೆ ಬಂದವರೇ ಪುಟ ನೋಡಿ "ಇವತ್ತು ಮೂರು ರೂಟ್ ಕೆನಾಲ್" ಅನ್ನುತ್ತಿದ್ದರು. ಅಸಿಸ್ಟೆಂಟ್ ಹುಡುಗ ಅಷ್ಟು ಟ್ರೇ ರೆಡಿ ಮಾಡುತ್ತಿದ್ದ. ಎರಡು ತಿಂಗಳಿಂದ ಗೂಗಲ್ ಕ್ಯಾಲೆಂಡರ್‌ಗೆ ಬಂದಿದ್ದೇವೆ. ಈಗ ಎಲ್ಲವೂ ಒಂದೇ ಬಣ್ಣ. ಒಂದೊಂದನ್ನೇ ತೆರೆದು ಬದಲಿಸಬೇಕು. ಒಂದು ಕಡೆ ಫೋನು, ಇನ್ನೊಂದು ಕಡೆ ಕಾರಟಗಿ, ಕನಕಗಿರಿ ಬಸ್ಸಿಗೆ ಬಂದವರು ಎದುರಿಗೆ ನಿಂತಿರುತ್ತಾರೆ. ಮರೆತೇ ಹೋಗುತ್ತದೆ. ಹೋದ ವಾರ ಒಂದರ ಹಿಂದೆ ಒಂದು ಎರಡು ರೂಟ್ ಕೆನಾಲ್‌ಗೆ ಅರ್ಧರ್ಧ ಗಂಟೆ ಕೊಟ್ಟುಬಿಟ್ಟೆ. ಆಮೇಲಿನ ಪಾಳಿ ಕಂಪ್ಲಿಯ ಅಜ್ಜಿಯದು. ದವಡೆ ಹಿಡಿದುಕೊಂಡು ಒಂದೂವರೆ ಗಂಟೆ ಕೂತರು. ನನಗೆ ಬಹಳ ಬೇಜಾರಾಯಿತು. ಬರೆದಿದ್ದನ್ನು ನೋಡಿ ತಾನಾಗೇ ಬಣ್ಣ ಬರುವ ಹಾಗೆ ಮಾಡಬಹುದಾ?

ಉತ್ತರ (ಬಳ್ಳಾರಿಯಿಂದ, ಕ್ಲಿನಿಕ್ ಮತ್ತು ಅಂಗಡಿಗಳಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುವವನು):
ಮಾಡಬಹುದು ಅಕ್ಕ. ಆದರೆ ಗೂಗಲ್ ಕ್ಯಾಲೆಂಡರ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹುಡುಕಬೇಡಿ. "ಈ ಪದ ಇದ್ದರೆ ಈ ಬಣ್ಣ ಹಾಕು" ಅಂತ ಹೇಳುವ ಜಾಗ ಅಲ್ಲಿ ಇಲ್ಲ.

ಸುಲಭದ ದಾರಿ ಒಂದಿದೆ. ಒಂದೇ ಅಕೌಂಟ್‌ನಲ್ಲಿ ರೂಟ್ ಕೆನಾಲ್, ಕ್ಲೀನಿಂಗ್, ಕ್ಲಿಪ್ ಅಂತ ಮೂರು ಕ್ಯಾಲೆಂಡರ್ ಮಾಡಿ. ಪ್ರತಿ ಕ್ಯಾಲೆಂಡರ್‌ಗೂ ಅದರದ್ದೇ ಬಣ್ಣ ಇರುತ್ತದೆ. ಬರೆಯುವಾಗ ಯಾವ ಕ್ಯಾಲೆಂಡರ್ ಅಂತ ಆರಿಸಿದರೆ ಸಾಕು. ಆದರೆ ಆರಿಸುವುದನ್ನೂ ಮರೆಯಬಹುದು ಅಲ್ವಾ? ನಿಮ್ಮ ತೊಂದರೆ ಇರುವುದೇ ಅಲ್ಲಿ.

ಹಾಗಾಗಿ ನಿಮಗೆ ನಾನು ಹೇಳುವುದು ಆಪ್ಸ್ ಸ್ಕ್ರಿಪ್ಟ್, ಅಂದರೆ ಗೂಗಲ್‌ನಲ್ಲೇ ಬರೆದಿಡುವ ಚಿಕ್ಕ ಪ್ರೋಗ್ರಾಮ್. ಗೂಗಲ್ ಅಕೌಂಟ್ ಇದ್ದವರಿಗೆ ಇದು ಬಿಟ್ಟಿ. ನಿಮ್ಮ ಊರಿನ ರೈಸ್ ಮಿಲ್ಲುಗಳಲ್ಲಿ ಸಾರ್ಟೆಕ್ಸ್ ಮಷಿನ್ ನೋಡಿರುತ್ತೀರಿ. ಬೀಳುವ ಒಂದೊಂದು ಕಾಳನ್ನೂ ಕ್ಯಾಮೆರಾ ನೋಡುತ್ತದೆ, ಕಪ್ಪು ಕಾಳು ಕಂಡರೆ ಗಾಳಿ ಊದಿ ಆಚೆ ತಳ್ಳುತ್ತದೆ. ಸ್ಕ್ರಿಪ್ಟ್ ಕೆಲಸವೂ ಅದೇ ಥರ. ಒಂದೊಂದು ಅಪಾಯಿಂಟ್‌ಮೆಂಟಿನ ಹೆಸರನ್ನೂ ಓದುತ್ತದೆ, ಪದ ಸಿಕ್ಕರೆ ಬಣ್ಣ ಹಾಕುತ್ತದೆ.

ಅದರಲ್ಲಿ ಬಣ್ಣಕ್ಕೆ 1ರಿಂದ 11ರವರೆಗೆ ನಂಬರ್ ಇವೆ. ಹಳದಿ 5, ಕಿತ್ತಳೆ 6, ಬೂದು 8, ನೀಲಿ 9, ಹಸಿರು 10, ಕೆಂಪು 11. ಇವತ್ತಿನಿಂದ ಮುಂದಿನ 30 ದಿನದ್ದನ್ನು ಮಾತ್ರ ನೋಡು ಅಂತ ಬರೆಯಬೇಕು. ಮುಗಿದು ಹೋದದ್ದಕ್ಕೆ ಬಣ್ಣ ಬಳಿದು ಏನೂ ಲಾಭವಿಲ್ಲ. ಆಗಲೇ ಸರಿಯಾದ ಬಣ್ಣ ಇದ್ದರೆ ಮುಟ್ಟಬೇಡ ಅಂತಲೂ ಬರೆಯಬೇಕು. ಆಮೇಲೆ ಟ್ರಿಗರ್ ಇಡಬೇಕು, ಅಂದರೆ ಸ್ಕ್ರಿಪ್ಟ್ ಯಾವಾಗ ಓಡಬೇಕು ಅನ್ನುವುದು. 10 ನಿಮಿಷಕ್ಕೊಮ್ಮೆ ಇಟ್ಟರೆ ನಿಮಗೆ ಧಾರಾಳ. ಮೊದಲ ಸಲ ಓಡಿಸುವಾಗ ಗೂಗಲ್ ಒಂದು ಎಚ್ಚರಿಕೆ ತೋರಿಸಬಹುದು. ಸ್ಕ್ರಿಪ್ಟ್ ನಿಮ್ಮದೇ ಆಗಿದ್ದರೆ ಒಪ್ಪಿಗೆ ಕೊಡಿ. ಎಲ್ಲಿಂದಲೋ ಬಂದ, ಅರ್ಥವಾಗದ ಸ್ಕ್ರಿಪ್ಟ್‌ಗೆ ಮಾತ್ರ ಕೊಡಲೇಬೇಡಿ. ನಿಮ್ಮ ಕ್ಯಾಲೆಂಡರ್‌ನಲ್ಲಿ ಪೇಷಂಟ್‌ಗಳ ಹೆಸರೆಲ್ಲ ಇರುತ್ತವೆ.

ಇದನ್ನು ಬರೆಯುವುದು ಅರ್ಧ ಗಂಟೆ ಕೆಲಸ. ಕಷ್ಟ ಇರುವುದು ನೀವು ಹೆಸರು ಬರೆಯುವ ರೀತಿಯಲ್ಲಿ. ಹೋದ ವಾರದ ನಾಲ್ಕೈದು ಅಪಾಯಿಂಟ್‌ಮೆಂಟಿನ ಹೆಸರು ಇದ್ದದ್ದು ಇದ್ದ ಹಾಗೆ ಇಲ್ಲಿ ಹಾಕಿ. ಪೇಷಂಟ್ ಹೆಸರು ತೆಗೆದು ಹಾಕಿ.

ಪ್ರಶ್ನೆ ಕೇಳಿದವರು:
"ರೂಟ್ ಕೆನಾಲ್ 2ನೇ ಸಲ". "ಆರ್‌ಸಿಟಿ 36" (36 ಹಲ್ಲಿನ ನಂಬರ್). "ಕ್ಲೀನಿಂಗ್". "ರೂಟ್ ಕೆನಾಲ್ ಆದಮೇಲೆ ಕ್ಯಾಪ್". "ಕ್ಯಾಪ್ ಅಳತೆ". ನಾನು ಒಂದು ಥರ ಬರೆಯುತ್ತೇನೆ, ಡಾಕ್ಟರ್ ಮೊಬೈಲ್‌ನಲ್ಲಿ ಇನ್ನೊಂದು ಥರ.

ಉತ್ತರ:
ನೋಡಿ, ನಾಲ್ಕನೆಯದರಲ್ಲಿ ಎರಡೂ ಪದ ಇವೆ. ಕೂರಿಸುವುದು ಕ್ಯಾಪ್, ಆದರೆ ಸ್ಕ್ರಿಪ್ಟ್ ಮೊದಲು ರೂಟ್ ಕೆನಾಲ್ ಹುಡುಕಿದರೆ ಕೆಂಪು ಬಳಿದುಬಿಡುತ್ತದೆ. ಎರಡನೆಯದಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಆರ್‌ಸಿಟಿ ಅಂದರೂ ರೂಟ್ ಕೆನಾಲೇ ಅಂತ ನಮಗೆ ಗೊತ್ತು, ಅದಕ್ಕೆ ಯಾರಾದರೂ ಹೇಳಬೇಕಲ್ಲ.

ಅದಕ್ಕೇ ಒಂದು ಕಟ್ಟುಪಾಡು ಹಾಕಿಕೊಳ್ಳಿ. ಮೊದಲ ಪದ ಯಾವಾಗಲೂ ಕೆಲಸದ್ದು, ಆಮೇಲೆ ಏನು ಬೇಕಾದರೂ ಬರೆಯಿರಿ. ರೂಟ್, ಕ್ಯಾಪ್, ಕ್ಲೀನ್, ಕ್ಲಿಪ್, ಈ ನಾಲ್ಕೇ ಪದ. "ರೂಟ್ 36 ಎರಡನೇ ಸಲ", "ಕ್ಯಾಪ್ 36" ಅಂತ. ಸ್ಕ್ರಿಪ್ಟ್ ಮೊದಲ ಪದವನ್ನಷ್ಟೇ ನೋಡಲಿ. ನಾಲ್ಕರಲ್ಲಿ ಯಾವುದೂ ಅಲ್ಲದಿದ್ದರೆ ಬೂದು ಬಣ್ಣ ಹಾಕಲಿ. ಬೂದು ಕಂಡರೆ ಏನೋ ತಪ್ಪು ಬರೆದಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ. ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ ಬಣ್ಣ ಅದೇ.

ಇನ್ನೊಂದು ಮಾತು, ಇದು ಕನ್ನಡದಲ್ಲಿ ಬರೆಯುವವರಿಗೆ. ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರ ಆದಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುತ್ತವೆ. ಅಕ್ಷರಗಳಿಗೆಲ್ಲ ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಅದು 200ಸಿ. ನಿಮ್ಮ "ಕ್ಯಾಪ್" ಮತ್ತು ಡಾಕ್ಟರ ಮೊಬೈಲಿನ "ಕ್ಯಾಪ್" ನಮಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ನಾನು ಒಮ್ಮೆ ಇದರ ಹಿಂದೆ ಬಿದ್ದು ಇಡೀ ಸಂಜೆ ಕಳೆದೆ. ಹೋಲಿಸುವ ಮೊದಲೇ ಆ ಚಿಹ್ನೆಯನ್ನು ಕಿತ್ತು ಹಾಕು ಅಂತ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಸೇರಿಸಿದ್ದೇನೆ. ಬರೆದದ್ದನ್ನು ನಿಮಗೆ ಕಳಿಸುತ್ತೇನೆ.

ಮತ್ತೊಬ್ಬರು (ತೋರಣಗಲ್ಲಿನಿಂದ):
ಅಣ್ಣಾ, ನಮ್ಮ ಆಫೀಸಲ್ಲಿ ಔಟ್‌ಲುಕ್. ಅದಕ್ಕೂ ಸ್ಕ್ರಿಪ್ಟ್ ಬೇಕಾ?

ಉತ್ತರ:
ಬೇಡ ತಮ್ಮ. ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳುವ ಹಳೆ ಔಟ್‌ಲುಕ್ ಆದರೆ ಒಳಗೇ ಇದೆ. ವ್ಯೂ, ವ್ಯೂ ಸೆಟ್ಟಿಂಗ್ಸ್, ಕಂಡಿಷನಲ್ ಫಾರ್ಮ್ಯಾಟಿಂಗ್, ಆಡ್. ಬಣ್ಣ ಆರಿಸಿ, ಕಂಡಿಷನ್ ಒತ್ತಿ ಪದ ಕೊಡು. ಆದರೆ ಆ ಬಣ್ಣ ಮೊಬೈಲ್‌ನಲ್ಲಿ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು (ನಾಲ್ಕು ದಿನ ಬಿಟ್ಟು):
ಸರ್, ಕೆಲಸ ಮಾಡುತ್ತಿದೆ! ಮೊದಲ ದಿನ ಏಳು ಬೂದು, ನಿನ್ನೆ ಒಂದೇ. ಆದರೆ ಒಂದು ಹೊಸ ವಿಷಯ. ಟ್ರೇ ರೆಡಿ ಮಾಡುವ ಹುಡುಗ ಕ್ಲೀನಿಂಗ್‌ಗೂ ರೂಟ್ ಕೆನಾಲ್ ಟ್ರೇ ಇಡುತ್ತಿದ್ದ. ಕೂರಿಸಿ ಕೇಳಿದೆ. ಅವನಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತವಂತೆ. ಡೈರಿ ಇದ್ದಾಗ ಡಾಕ್ಟರ್ ಬಾಯಲ್ಲಿ ಹೇಳುತ್ತಿದ್ದರು, ಅದಕ್ಕೆ ಯಾರಿಗೂ ತಿಳಿಯಲಿಲ್ಲ. ಹೇಳಿಕೊಳ್ಳಲು ಅವನಿಗೆ ಸಂಕೋಚ.

ಉತ್ತರ:
ಅವನಿಗೆ ಸಂಕೋಚ ಬೇಡ ಅಂತ ಮೊದಲು ಹೇಳಿ ಅಕ್ಕ. ಇದು ಸಾಮಾನ್ಯವಾಗಿ ಹುಟ್ಟಿನಿಂದ ಬರುವಂಥದ್ದು, ಗಂಡಸರಲ್ಲಿ ಜಾಸ್ತಿ. ನಾನೇ ಮೊದಲು ಕೇಳಬೇಕಿತ್ತು. ಸ್ಕ್ರಿಪ್ಟ್‌ನಲ್ಲಿ ಮೂರು ನಂಬರ್ ಬದಲಿಸಿದರೆ ಆಯಿತು. ರೂಟ್‌ಗೆ 11 ತೆಗೆದು 9, ಅಂದರೆ ನೀಲಿ. ಕ್ಲೀನ್‌ಗೆ 10 ತೆಗೆದು 5, ಹಳದಿ. ನೀಲಿ ಮತ್ತು ಹಳದಿ ಸಾಮಾನ್ಯವಾಗಿ ಇಂಥವರಿಗೂ ಬೇರೆ ಬೇರೆ ಕಾಣುತ್ತವೆ. ಕ್ಲಿಪ್ ಮೊದಲು ನೀಲಿ ಇತ್ತಲ್ಲ, ಅದಕ್ಕೆ ಬೇರೆ ಬಣ್ಣ ಬೇಕು. ಅವನ ಕೈಗೇ ಮೊಬೈಲ್ ಕೊಟ್ಟು ಆರಿಸಲು ಹೇಳಿ. ಮೊದಲ ಪದ ಹೇಗೂ ಇರುತ್ತದೆ, ಬಣ್ಣ ತಪ್ಪಿದರೂ ಓದಿಕೊಳ್ಳಬಹುದು.

ಪ್ರಶ್ನೆ ಕೇಳಿದವರು:
ಬದಲಿಸಿದೆ ಸರ್. ಕ್ಲಿಪ್‌ಗೆ ಅವನೇ ಬಣ್ಣ ಆರಿಸಿದ. ಇವತ್ತು ಡಾಕ್ಟರ್ ಗಾಡಿ ನಿಲ್ಲಿಸುವಷ್ಟರಲ್ಲಿ ಮೂರು ರೂಟ್ ಕೆನಾಲ್ ಟ್ರೇ ಸಾಲಾಗಿ ಇಟ್ಟಿದ್ದ. ಮೂರೂ ಸರಿ ಇದ್ದವು.