ಕಾಫಿಗೆ ಬೇಡಿಕೆ, ಕಾಫಿಯ ಬೆಲೆ: ಇಂಗ್ಲಿಷ್ ನಾಮಪದದ ನಂತರ ಯಾವ ಪ್ರಿಪೊಸಿಷನ್?

ಪ್ರಶ್ನೆ: ಕ್ಯೂರಿಂಗ್ ಕಚೇರಿಯ ಗುಮಾಸ್ತ, ಚಿಕ್ಕಮಗಳೂರು

ಮಾನ್ಯರೇ,

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಬೆಳೆಗಾರರೊಂದಿಗಿನ ಮಾತುಕತೆಯೆಲ್ಲ ಕನ್ನಡದಲ್ಲಿ ನಡೆಯುತ್ತದೆ. ಹೊರದೇಶದ ಖರೀದಿದಾರರಿಗೆ ಹೋಗುವ ಪತ್ರಗಳು ಮಾತ್ರ ಇಂಗ್ಲಿಷಿನಲ್ಲಿರುತ್ತವೆ. ಇಂಗ್ಲಿಷಿನ ಕಾಲರೂಪಗಳಿಗೂ ವಚನಗಳಿಗೂ ನಿಯಮವಿರುವುದರಿಂದ ಅವು ಅಷ್ಟಾಗಿ ತೊಡಕೆನಿಸುವುದಿಲ್ಲ. ನಾಮಪದದ ಬೆನ್ನಿಗೆ ಬರುವ ಪ್ರಿಪೊಸಿಷನ್ನಿಗೆ ಮಾತ್ರ ಅಂಥ ನಿಯಮ ಕಣ್ಣಿಗೆ ಬೀಳುತ್ತಿಲ್ಲ. ನಮ್ಮ ಕಚೇರಿಯಲ್ಲಿ ಒಬ್ಬರು 'ಡಿಮಾಂಡ್ ಆಫ್ ಕಾಫಿ' ಎಂದು ಬರೆದರೆ ಇನ್ನೊಬ್ಬರು 'ಡಿಮಾಂಡ್ ಫಾರ್ ಕಾಫಿ' ಎಂದು ತಿದ್ದುತ್ತಾರೆ. ಏಕೆ ತಿದ್ದಿದಿರಿ ಎಂದರೆ ಕಿವಿಗೆ ಹಾಗೆ ಸರಿಯೆನಿಸುತ್ತದೆ ಎಂಬುದೇ ಉತ್ತರ. 'ವಿಳಂಬಕ್ಕೆ ಕಾರಣ' ಎಂಬ ನಮ್ಮ ಒಂದೇ ಮಾತು ಇಂಗ್ಲಿಷಿನಲ್ಲಿ ಒಮ್ಮೆ 'ರೀಸನ್ ಫಾರ್' ಆಗುತ್ತದೆ, ಇನ್ನೊಮ್ಮೆ 'ಕಾಝ್ ಆಫ್' ಆಗುತ್ತದೆ. ಎಲ್ಲವನ್ನೂ ಬಾಯಿಪಾಠ ಮಾಡುವುದೊಂದೇ ಉಪಾಯವೇ, ಅಥವಾ ಕನ್ನಡದ ವಿಭಕ್ತಿಗಳನ್ನು ಬಲ್ಲ ನಮಗೆ ಅವುಗಳ ಮೂಲಕವೇ ಒಂದು ದಾರಿ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ಹಾಸನ

ವಿಭಕ್ತಿಯ ಮೂಲಕ ದಾರಿ ಇದೆ. ಅದು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿದುಕೊಂಡರೆ ಸಾಕಷ್ಟು ಕೆಲಸಕ್ಕೆ ಬರುತ್ತದೆ.

ತಾವು ಕೊಟ್ಟ 'ಬೇಡಿಕೆ'ಯನ್ನೇ ತೆಗೆದುಕೊಳ್ಳೋಣ. 'ಕಾರ್ಮಿಕರ ಬೇಡಿಕೆ' ಎಂದಾಗ ಬೇಡುವವರು ಕಾರ್ಮಿಕರು. 'ಕಾಫಿಗೆ ಬೇಡಿಕೆ' ಎಂದಾಗ ಕಾಫಿಯನ್ನು ಬೇಡುವವರು ಬೇರೆ ಯಾರೋ. ಈ ಭೇದವನ್ನು ನಾವು ಷಷ್ಠೀ ಮತ್ತು ಚತುರ್ಥೀ ವಿಭಕ್ತಿಗಳಿಂದ ತೋರಿಸುತ್ತೇವೆ, ಇಂಗ್ಲಿಷ್ ಅದನ್ನೇ 'ಆಫ್' ಮತ್ತು 'ಫಾರ್' ಎಂಬ ಎರಡು ಪದಗಳಿಂದ ತೋರಿಸುತ್ತದೆ: 'ದ ಡಿಮಾಂಡ್ಸ್ ಆಫ್ ದ ವರ್ಕರ್ಸ್', 'ದ ಡಿಮಾಂಡ್ ಫಾರ್ ಕಾಫಿ'. ಬೆಲೆಯ ವಿಷಯವೂ ಹೀಗೆಯೇ. 'ಕಾಫಿಯ ಬೆಲೆ' ಎಂಬುದು 'ದ ಪ್ರೈಸ್ ಆಫ್ ಕಾಫಿ'. 'ನಮ್ಮ ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿತು' ಎಂಬಲ್ಲಿ 'ಅ ಗುಡ್ ಪ್ರೈಸ್ ಫಾರ್ ಅವರ್ ಕಾಫಿ'. ಹೀಗಾಗಿ ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡು, 'ಗೆ' ಅಥವಾ 'ಕ್ಕೆ' ಬಂದರೆ 'ಆಫ್' ಬರೆಯುವ ಮುನ್ನ ಒಮ್ಮೆ ನಿಲ್ಲುವುದು ಒಳ್ಳೆಯದು.

ಆದರೆ ನಮ್ಮ ಒಂದು 'ಗೆ' ಇಂಗ್ಲಿಷಿನಲ್ಲಿ 'ಫಾರ್' ಮತ್ತು 'ಟು' ಎಂದು ಎರಡಾಗಿ ಒಡೆಯುತ್ತದೆ, ತೊಂದರೆ ಹುಟ್ಟುವುದು ಅಲ್ಲಿ. ಬಯಸುವ, ಕೇಳುವ, ಹುಡುಕುವ ಅರ್ಥವುಳ್ಳ ನಾಮಪದಗಳು ಹೆಚ್ಚಾಗಿ 'ಫಾರ್' ಹಿಡಿಯುತ್ತವೆ: ಡಿಮಾಂಡ್, ನೀಡ್, ರಿಕ್ವೆಸ್ಟ್, ಅಪ್ಲಿಕೇಶನ್, ಸರ್ಚ್. ಮೊದಲೇ ಇರುವ ಯಾವುದೋ ಒಂದಕ್ಕೆ ಪ್ರತಿಯಾಗಿ ಬರುವ, ಅದನ್ನು ಮುಟ್ಟುವ ಅಥವಾ ತಾಗುವ ಅರ್ಥದವು 'ಟು' ಹಿಡಿಯುತ್ತವೆ: ಆನ್ಸರ್, ರಿಪ್ಲೈ, ರಿಯಾಕ್ಷನ್, ಸೊಲ್ಯೂಷನ್, ಆಕ್ಸೆಸ್, ಥ್ರೆಟ್, ಡ್ಯಾಮೇಜ್. ಸಕಲೇಶಪುರದ ಕಡೆ ಕಾಡಾನೆಗಳು ಬೆಳೆಗೆ ಮಾಡುವ ಹಾನಿ 'ಡ್ಯಾಮೇಜ್ ಟು ದ ಕ್ರಾಪ್'. ಅದಕ್ಕಾಗಿ ಕೇಳುವ ಪರಿಹಾರಧನ 'ಕಾಂಪೆನ್ಸೇಶನ್ ಫಾರ್ ದ ಡ್ಯಾಮೇಜ್'. ಕನ್ನಡದಲ್ಲಿ ಎರಡಕ್ಕೂ ಚತುರ್ಥಿಯೇ.

'ಕಾರಣ'ದ ಸಂಗತಿ ಸ್ವಲ್ಪ ಬೇರೆ. ಒಂದು ಘಟನೆಯನ್ನು ಉಂಟುಮಾಡಿದ್ದು 'ಕಾಝ್'. ಅದು ಏಕೆ ಹಾಗಾಯಿತು ಎಂದು ನಾವು ಕೊಡುವ ವಿವರಣೆ 'ರೀಸನ್'. ಉಂಟುಮಾಡಿದ್ದು ಆ ಘಟನೆಗೇ ಸೇರಿದ್ದೆಂಬಂತೆ ಇಂಗ್ಲಿಷ್ 'ಆಫ್' ಬಳಸುತ್ತದೆ, ವಿವರಣೆಗೆ 'ಫಾರ್' ಬಳಸುತ್ತದೆ. 'ಕಾಝ್ ಫಾರ್ ಕನ್ಸರ್ನ್' ಎಂಬ ಪ್ರಯೋಗವೂ ಇದೆ, ಆದರೆ ಅಲ್ಲಿ ಕಾಝ್ ಎಂದರೆ ಆತಂಕಪಡಲು ಇರುವ ಆಧಾರ.

ತಮ್ಮ ಪತ್ರಗಳಲ್ಲಿ ದಿನವೂ ಬರುವಂಥದು ಇನ್ನೊಂದಿದೆ. 'ಬೆಲೆ ಏರಿಕೆ' ಎಂಬ ಸಮಾಸವನ್ನು ನೋಡಿ 'ಇನ್‌ಕ್ರೀಸ್ ಆಫ್ ಪ್ರೈಸ್' ಎಂದು ಬರೆಯುವವರಿದ್ದಾರೆ. ಸಮಾಸವನ್ನು ಬಿಡಿಸಿ 'ಬೆಲೆಯಲ್ಲಿ ಏರಿಕೆ' ಎಂದುಕೊಂಡರೆ ಸಪ್ತಮಿಯೇ ದಾರಿ ತೋರಿಸುತ್ತದೆ: 'ಇನ್‌ಕ್ರೀಸ್ ಇನ್ ಪ್ರೈಸ್'. ಎಷ್ಟು ಏರಿತು ಎಂದು ಹೇಳುವಾಗ ಮಾತ್ರ 'ಆಫ್' ಬರುತ್ತದೆ: 'ಆನ್ ಇನ್‌ಕ್ರೀಸ್ ಆಫ್ ಟೆನ್ ಪರ್ಸೆಂಟ್'. ರೈಸ್, ಫಾಲ್, ಡ್ರಾಪ್, ರಿಡಕ್ಷನ್ ಇವಕ್ಕೂ ಇದೇ ಕ್ರಮ.

ವಿಭಕ್ತಿ ಇಷ್ಟರ ಮಟ್ಟಿಗೆ ನೆರವಾಗುವುದು ಆಕಸ್ಮಿಕವಲ್ಲ. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು; 1066ರ ನಾರ್ಮನ್ ಆಕ್ರಮಣದ ಆಚೀಚಿನ ಶತಮಾನಗಳಲ್ಲಿ ಅವು ಸವೆಯುತ್ತ ಹೋದಂತೆ, ಅವು ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಪ್ರಿಪೊಸಿಷನ್ನುಗಳು ಮತ್ತು ಪದಗಳ ಕ್ರಮ ವಹಿಸಿಕೊಂಡವು.

ಉತ್ತರ: ಪ್ರವಾಸಿ ಮಾರ್ಗದರ್ಶಿ, ಬೇಲೂರು

ಅಧ್ಯಾಪಕಿಯವರು 'ಗೆ' ಪ್ರತ್ಯಯವನ್ನು ಚೆನ್ನಾಗಿ ಬಿಡಿಸಿದ್ದಾರೆ. ನನ್ನ ವೃತ್ತಿಯಲ್ಲಿ ಅದಕ್ಕಿಂತ ಹೆಚ್ಚು ಎದುರಾಗುವುದು 'ಮೇಲೆ'. 1117ರಲ್ಲಿ ಪ್ರತಿಷ್ಠೆಯಾದ ನಮ್ಮ ಚೆನ್ನಕೇಶವ ದೇವಾಲಯವನ್ನು ಚೋಳರ ಮೇಲೆ ವಿಷ್ಣುವರ್ಧನ ಸಾಧಿಸಿದ ಗೆಲುವಿನೊಂದಿಗೆ ಸೇರಿಸಿ ಹೇಳುವುದು ವಾಡಿಕೆ, ಮತ್ತು ಅದನ್ನು ಇಂಗ್ಲಿಷಿನಲ್ಲಿ 'ವಿಕ್ಟರಿ ಓವರ್ ದ ಚೋಳಾಸ್' ಎನ್ನಬೇಕು, 'ಆನ್' ಎನ್ನಬಾರದು. ಮೇಲುಗೈ, ಹಿಡಿತ, ಅಧಿಕಾರಗಳ ಅರ್ಥ ಬಂದಲ್ಲೆಲ್ಲ 'ಓವರ್' ಬರುತ್ತದೆ: ಕಂಟ್ರೋಲ್ ಓವರ್, ಪವರ್ ಓವರ್, ಅಡ್ವಾಂಟೇಜ್ ಓವರ್. ಭಾರ ಹೇರುವ ಅಥವಾ ಎರಗುವ ಅರ್ಥವಿದ್ದರೆ ನಮ್ಮ 'ಮೇಲೆ' ನೇರವಾಗಿ 'ಆನ್' ಆಗುತ್ತದೆ: ಟ್ಯಾಕ್ಸ್ ಆನ್, ಬ್ಯಾನ್ ಆನ್, ಅಟ್ಯಾಕ್ ಆನ್, ಎಫೆಕ್ಟ್ ಆನ್, ಸಾಲದ ಮೇಲಿನ ಬಡ್ಡಿಯೆಂಬ ಇಂಟರೆಸ್ಟ್ ಆನ್. ಮನಸ್ಸಿನ ಭಾವಗಳಿಗೆ ಬಂದಾಗ ಈ ಸಾಮ್ಯ ಮುರಿದುಬೀಳುತ್ತದೆ. ದೇವರ ಮೇಲಿನ ನಂಬಿಕೆ 'ಫೇತ್ ಇನ್', ಮಕ್ಕಳ ಮೇಲಿನ ಪ್ರೀತಿ 'ಲವ್ ಫಾರ್', ಹಿರಿಯರ ಮೇಲಿನ ಗೌರವ 'ರೆಸ್ಪೆಕ್ಟ್ ಫಾರ್'.

ಷಷ್ಠಿಯಲ್ಲಿಯೂ ಕೆಲವು ಮೋಸದ ಜಾಗಗಳಿವೆ. 'ದೇವಾಲಯದ ಬಾಗಿಲು' ಎಂಬುದು 'ಎಂಟ್ರನ್ಸ್ ಟು ದ ಟೆಂಪಲ್', 'ಕೋಣೆಯ ಬೀಗದ ಕೈ' ಎಂಬುದು 'ಕೀ ಟು ದ ರೂಮ್'. ಎರಡೂ ಇನ್ನೊಂದು ಸ್ಥಳಕ್ಕೆ ಹೋಗಲು ಬಿಡುವಂಥವು ಎಂಬುದನ್ನು ನೆನೆದರೆ 'ಟು' ಏಕೆಂದು ಅರ್ಥವಾಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನಾವು ಪದೇ ಪದೇ ಹೇಳುವ 'ಅಡಿಷನ್ ಟು ದ ಲಿಸ್ಟ್' ಎಂಬುದರಲ್ಲಿ ಮಾತ್ರ ಕನ್ನಡವೂ ಇಂಗ್ಲಿಷೂ ಪೂರ್ತಿ ಹೊಂದಿಕೊಳ್ಳುತ್ತವೆ.

ಉತ್ತರ: ಬೆಳೆಗಾರ, ಸಕಲೇಶಪುರ

ಅರ್ಥದ ಗುಂಪುಗಳನ್ನು ಅತಿಯಾಗಿ ನಂಬಬಾರದೆಂಬುದು ನನ್ನ ಅಭಿಪ್ರಾಯ. ಸಮಸ್ಯೆಯ ಪರಿಹಾರಕ್ಕೆ 'ಸೊಲ್ಯೂಷನ್ ಟು' ಎನ್ನುತ್ತೇವೆ. ಗಿಡದ ರೋಗಕ್ಕೆ ಮದ್ದೆಂದರೆ 'ರೆಮಿಡಿ ಫಾರ್', 'ಕ್ಯೂರ್ ಫಾರ್'. ಮೂರೂ ತೊಂದರೆಯನ್ನು ನಿವಾರಿಸುವಂಥವೇ ಆಗಿರುವಾಗ ಅರ್ಥವೊಂದರಿಂದಲೇ ಈ ವ್ಯತ್ಯಾಸವನ್ನು ಊಹಿಸುವುದು ಸಾಧ್ಯವಿಲ್ಲ. ಪ್ರಿಪೊಸಿಷನ್ ಕೊನೆಗೂ ಆಯಾ ನಾಮಪದದ ಸ್ವತ್ತು. ಹೊಸ ನಾಮಪದವನ್ನು ಕಲಿಯುವಾಗ ಅದರ ಪ್ರಿಪೊಸಿಷನ್ನನ್ನೂ ಸೇರಿಸಿ ಒಂದೇ ಪದವೆಂಬಂತೆ ಬರೆದಿಟ್ಟುಕೊಳ್ಳಬೇಕು.

ನನಗೆ ಇದಕ್ಕಿಂತ ಮುಖ್ಯವೆನಿಸುವ ಇನ್ನೊಂದು ಸಂಗತಿಯಿದೆ. ಇಂಗ್ಲಿಷಿನ ಎಷ್ಟೋ ಪದಗಳು ನಾಮಪದವಾಗಿದ್ದಾಗ ಪ್ರಿಪೊಸಿಷನ್ ಬೇಡುತ್ತವೆ, ಅದೇ ರೂಪ ಕ್ರಿಯಾಪದವಾದಾಗ ಅದನ್ನು ಬಿಟ್ಟುಬಿಡುತ್ತವೆ. 'ಅ ರಿಕ್ವೆಸ್ಟ್ ಫಾರ್ ಸ್ಯಾಂಪಲ್ಸ್' ಸರಿ, 'ವಿ ರಿಕ್ವೆಸ್ಟ್ ಫಾರ್ ಸ್ಯಾಂಪಲ್ಸ್' ಎಂಬಲ್ಲಿ 'ಫಾರ್' ಬೇಡ. 'ಅ ವಿಸಿಟ್ ಟು ದ ಎಸ್ಟೇಟ್' ಸರಿ, ಕ್ರಿಯಾಪದವಾದಾಗ 'ವಿಸಿಟ್ ದ ಎಸ್ಟೇಟ್' ಅಷ್ಟೇ. 'ಲ್ಯಾಕ್ ಆಫ್ ರೇನ್' ಎಂಬ ನಾಮಪದ ಪ್ರಯೋಗದಿಂದ 'ದ ಸಾಯಿಲ್ ಲ್ಯಾಕ್ಸ್ ಆಫ್' ಎಂದು ಬರೆಯುವವರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವುದು 'ಡಿಸ್ಕಸ್ ಅಬೌಟ್'. ಕನ್ನಡದಲ್ಲಿ 'ಬೆಲೆಯ ಬಗ್ಗೆ ಚರ್ಚೆ' ಎಂದರೂ 'ಬೆಲೆಯ ಬಗ್ಗೆ ಚರ್ಚಿಸಿದೆವು' ಎಂದರೂ 'ಬಗ್ಗೆ' ಕದಲುವುದಿಲ್ಲವಾದ್ದರಿಂದ, 'ಡಿಸ್ಕಷನ್ ಅಬೌಟ್' ಎಂಬಲ್ಲಿನ 'ಅಬೌಟ್' ಕ್ರಿಯಾಪದದ ನಂತರವೂ ಬಂದುಬಿಡುತ್ತದೆ. ಅದೇ ವೇಳೆಗೆ 'ಅಪ್ಲೈ ಫಾರ್', 'ರಿಪ್ಲೈ ಟು', 'ಡಿಪೆಂಡ್ ಆನ್' ಮುಂತಾದವು ಎರಡೂ ರೂಪಗಳಲ್ಲಿ ಪ್ರಿಪೊಸಿಷನ್ನನ್ನು ಉಳಿಸಿಕೊಳ್ಳುತ್ತವೆ.

ಇಂಥವನ್ನು ನೋಡಿಕೊಳ್ಳಲು ಮಾರ್ಟನ್ ಬೆನ್ಸನ್, ಎವೆಲಿನ್ ಬೆನ್ಸನ್ ಮತ್ತು ರಾಬರ್ಟ್ ಇಲ್ಸನ್ 1986ರಲ್ಲಿ ಹೊರತಂದ ಬಿಬಿಐ ನಿಘಂಟು ಬಹಳ ಉಪಯುಕ್ತ. ವ್ಯಾಕರಣಬದ್ಧ ಪದಜೋಡಣೆಗಳನ್ನು ಅವರು ಎಂಟು ಗುಂಪು ಮಾಡಿ, ನಾಮಪದ ಮತ್ತು ಪ್ರಿಪೊಸಿಷನ್ ಜೋಡಿಗೆ ಮೊದಲ ಸ್ಥಾನ ಕೊಟ್ಟಿದ್ದಾರೆ. 'ಆಫ್' ಸೇರುವ ಜೋಡಿಗಳನ್ನು ಸುಲಭವಾಗಿ ಊಹಿಸಬಹುದೆಂಬ ಕಾರಣಕ್ಕೆ ಆ ಗುಂಪಿನಿಂದ ಹೊರಗಿಟ್ಟಿದ್ದಾರೆ. ನಮ್ಮಲ್ಲಿ ಸಂದೇಹ ಬಂದಾಗಲೆಲ್ಲ 'ಆಫ್' ಬರೆದುಬಿಡುವ ರೂಢಿ ಇರುವುದರಿಂದ, ಅವರು ಬಿಟ್ಟದ್ದನ್ನೂ ನಾವು ಗಮನವಿಟ್ಟು ಕಲಿಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಕ್ಯೂರಿಂಗ್ ಕಚೇರಿಯ ಗುಮಾಸ್ತ, ಚಿಕ್ಕಮಗಳೂರು

ಮೂವರಿಗೂ ಕೃತಜ್ಞತೆಗಳು. 'ಕಾರ್ಮಿಕರ ಬೇಡಿಕೆ' ಮತ್ತು 'ಕಾಫಿಗೆ ಬೇಡಿಕೆ' ಎಂಬ ಜೋಡಿಯಿಂದ ನಮ್ಮ ಕಚೇರಿಯ ವಾದ ಬಗೆಹರಿಯಿತು. ಇನ್ನೊಂದು ಪದ ಮಾತ್ರ ಉಳಿದಿದೆ. ಸರಕಿನ ಕುರಿತು ಬರುವ ದೂರಿಗೆ 'ಕಂಪ್ಲೇಂಟ್ ಅಗೇನ್ಸ್ಟ್' ಎನ್ನಬೇಕೇ, 'ಕಂಪ್ಲೇಂಟ್ ಅಬೌಟ್' ಎನ್ನಬೇಕೇ?

ಉತ್ತರ: ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ಹಾಸನ

ಸರಕಿನ ಗುಣಮಟ್ಟ, ತೇವಾಂಶ, ವಿಳಂಬ ಮುಂತಾದ ವಿಷಯಗಳಿಗೆ 'ಅಬೌಟ್'. ಒಬ್ಬ ವ್ಯಕ್ತಿಯ ಅಥವಾ ಸಂಸ್ಥೆಯ ವಿರುದ್ಧ ಔಪಚಾರಿಕವಾಗಿ ದೂರು ದಾಖಲಿಸಿದಾಗ 'ಅಗೇನ್ಸ್ಟ್'. ದೂರು ಕೊಟ್ಟವರನ್ನು ಹೇಳಲು 'ಫ್ರಮ್': 'ಅ ಕಂಪ್ಲೇಂಟ್ ಫ್ರಮ್ ದ ಬೈಯರ್ ಅಬೌಟ್ ದ ಮಾಯಿಸ್ಚರ್ ಕಂಟೆಂಟ್'. ಕ್ರಿಯಾಪದವಾದ 'ಕಂಪ್ಲೇನ್' ಕೂಡ 'ಅಬೌಟ್' ಅನ್ನು ಉಳಿಸಿಕೊಳ್ಳುತ್ತದೆ. ಯಾರ ಬಳಿ ದೂರಿದರೆಂದು ಹೇಳಲು ಎರಡು ರೂಪಗಳಲ್ಲಿಯೂ 'ಟು' ಬಳಸಬೇಕು.